ಮುಗಿಯಿತು ಎಂದ ಡಿಸ್ಕು

ಬರೀ ಸೊನ್ನೆಗಳೇ ತುಂಬಿದ ಫೈಲನ್ನು ನೀವು ಯಾವತ್ತಾದರೂ ನೋಡಿದ್ದೀರಾ? ನಾನು ನೋಡಿದೆ. ಮಲೇಷ್ಯಾದ ಸುಬಾಂಗ್ ಜಯಾದ ನಮ್ಮ ಮನೆಯ ಊಟದ ಟೇಬಲ್ ಮೇಲೆ, ಮೊನ್ನೆ ಮೊನ್ನೆ.

ಹೆಸರು ಸರಿಯಾಗಿತ್ತು. ಸೈಜ್ ಸರಿಯಾಗಿತ್ತು. ತಾರೀಖು, ವೇಳೆ ಎಲ್ಲ ಜಾತಕ ಬರೆದ ಹಾಗೆ ಕರಾರುವಾಕ್ಕಾಗಿತ್ತು. ತೆರೆದರೆ ಮಾತ್ರ ಏನೂ ಇಲ್ಲ. ನಮ್ಮ ಯಜಮಾನರು ರಘು ಯಾವುದೋ ಸಾಫ್ಟ್‌ವೇರ್ ಹಾಕಿ ಅದರ ಹೊಟ್ಟೆ ಬಗೆದು ನೋಡಿದರು. ಮೊದಲಿನಿಂದ ಕೊನೆಯವರೆಗೆ ಸೊನ್ನೆ, ಸೊನ್ನೆ, ಸೊನ್ನೆ.

"ಫೈಲ್ ಸಿಸ್ಟಮ್‌ಗೆ ಏನೂ ಆಗಿಲ್ಲ ಕಣೇ" ಎಂದರು, ದೊಡ್ಡ ಗಂಡಾಂತರದಿಂದ ಪಾರಾದವರಂತೆ. "ಸಿಸ್ಟಮ್ ಪೂರ್ತಿ ಸೇಫ್."

"ಫೈಲು?"

"ಫೈಲ್ ಹೋಯ್ತು. ಸಿಸ್ಟಮ್ ಇದೆ."

ಮನೆ ಸುಟ್ಟುಹೋದ ಮೇಲೆ ಬಾಗಿಲಿನ ನೇಮ್ ಪ್ಲೇಟ್ ಉಳಿಯಿತು ಎಂದು ಸಂಭ್ರಮಪಡುವವರನ್ನು ನೀವು ಕಂಡಿಲ್ಲದಿದ್ದರೆ ಒಮ್ಮೆ ನಮ್ಮ ಮನೆಗೆ ಬನ್ನಿ. (ಈಗಲ್ಲ. ಈಗ ಬಂದರೆ ಗೇಟಿನಲ್ಲೇ ಹಣೆಗೆ ಥರ್ಮಾಮೀಟರ್ ಹಿಡಿದು ವಾಪಸ್ ಕಳಿಸುತ್ತಾರೆ.)

ಆ ಫೈಲ್ ನಮ್ಮದಾಗಿದ್ದರೆ ಗಂಡನ ಜೊತೆ ಒಂದು ವಾರ ಮಾತು ಬಿಟ್ಟು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅದು ನಮ್ಮದಲ್ಲ, ಲವಿನಾಳದು. ಅದೇ ದೊಡ್ಡ ಸಂಕಟ.

ಲವಿನಾ ಮಂಗಳೂರಿನವಳು. ನಮ್ಮದೇ ಕಾಂಡೋದಲ್ಲಿ ಎರಡು ಮಹಡಿ ಕೆಳಗಿದ್ದಾಳೆ. (ಇಲ್ಲಿ ಅಪಾರ್ಟ್‌ಮೆಂಟ್ ಎನ್ನಬಾರದು, ಕಾಂಡೋ ಎನ್ನಬೇಕು. ಬಾಡಿಗೆ ಹೆಚ್ಚು ಕೇಳಲು ಅನುಕೂಲ.) ಬಾಂಗ್ಸಾರಿನ ಆಫೀಸೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾಳೆ. ಅವಳ ತಂಗಿ ಶರಲ್ ಕೂಡ ಇಲ್ಲೇ ಕೆಲಸದಲ್ಲಿದ್ದಾಳೆ. ಶರಲ್ ಮದುವೆ ಮಂಗಳೂರಿನಲ್ಲಿ ಭರ್ಜರಿಯಾಗಿ ಆಗಬೇಕಿತ್ತು. ವಿಮಾನ ನಿಂತಿತು, ಮುಂದೂಡಿದರು. ವಿಮಾನ ಹಾರಲಿಲ್ಲ, ಮತ್ತೆ ಮುಂದೂಡಿದರು. ಕೊನೆಗೆ ಹುಡುಗನೂ ಇಲ್ಲೇ ಮಾಂಟ್ ಕಿಯಾರಾದಲ್ಲಿ ಇದ್ದಾನಲ್ಲ, ಇಲ್ಲಿಯ ಚರ್ಚಿನಲ್ಲೇ ನಾಲ್ಕು ಜನರ ಮುಂದೆ ಮಾಡಿ ಮುಗಿಸೋಣ ಎಂದಾಯಿತು.

ಆದರೆ ರೋಸ್ ಬಿಡುವ ಹಾಗಿಲ್ಲ. ಮದುವೆಯ ಹಿಂದಿನ ದಿನ ನಮ್ಮಲ್ಲಿ ಅರಿಶಿನ ಹಚ್ಚುವ ಹಾಗೆ ಮಂಗಳೂರಿನ ಕ್ರೈಸ್ತರಲ್ಲಿ ಮದುಮಗಳಿಗೆ ತೆಂಗಿನ ಹಾಲು ಹಚ್ಚುತ್ತಾರೆ. ಮನೆಯ ಹಿರಿಯರು ಒಬ್ಬೊಬ್ಬರಾಗಿ ಬಂದು ಹಚ್ಚಬೇಕು. ಹೆಂಗಸರು ಕೊಂಕಣಿಯಲ್ಲಿ ವೊವಿಯೊ ಎಂಬ ಹಾಡು ಹೇಳಬೇಕು. ಹುಡುಗಿ ತವರಿನ ಹುಡುಗಿಯಾಗಿ ಕೂರುವ ಕೊನೆಯ ಸಂಜೆ ಅದು. ಅದನ್ನೇ ರೋಸ್ ಎನ್ನುತ್ತಾರೆ.

ಹಿರಿಯರು ಮಂಗಳೂರಿನಲ್ಲಿ, ಹುಡುಗಿ ಸುಬಾಂಗ್ ಜಯಾದಲ್ಲಿ. ಸರಿ, ವಿಡಿಯೋ ಕಾಲ್. ಅಷ್ಟಕ್ಕೇ ಮುಗಿಯಲಿಲ್ಲ. ರೋಸಿಗೆ ಇನ್ನೇನು ಕೆಲವೇ ದಿನ ಇದೆ ಎನ್ನುವಾಗ ಅವರಪ್ಪನಿಗೆ ಕೋವಿಡ್ ಬಂತು. ಆಸ್ಪತ್ರೆ ಸೇರಿದರು, ಆಕ್ಸಿಜನ್ ಹಾಕಿದರು. ಯಾರೂ ಹೋಗಿ ನೋಡುವಂತಿಲ್ಲ. ಸಂಜೆ ಒಬ್ಬ ನರ್ಸ್ ತಮ್ಮದೇ ಫೋನ್ ಹಿಡಿದು ಎರಡು ಮಾತು ಆಡಿಸುತ್ತಿದ್ದರು, ಪುಣ್ಯಾತ್ಗಿತ್ತಿ.

ಮದುವೆ ಇನ್ನೊಮ್ಮೆ ಮುಂದೂಡೋಣ ಎಂದು ಹುಡುಗಿಯರು ಅತ್ತರು. ಅಪ್ಪ ಒಪ್ಪಲಿಲ್ಲ. "ನಿಲ್ಲಿಸ್ಬೇಡಿ. ರೋಸಿಂದು ಪೂರಾ ರೆಕಾರ್ಡ್ ಮಾಡಿ ಇಡಿ. ನಾನು ಮನೆಗೆ ಬಂದು ಕೂತು ನೋಡ್ತೇನೆ" ಎಂದರು. ಅಷ್ಟು ಹೇಳಲು ಅವರು ನಾಲ್ಕು ಸಲ ಉಸಿರು ತೆಗೆದುಕೊಂಡರು ಎಂದು ಲವಿನಾ ನನಗೆ ಹೇಳಿದಳು. ಆಗ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ಆ ರೆಕಾರ್ಡಿಂಗ್ ಮಾಡುವ ಹೊಣೆ ಯಾರಿಗೆ ಹೋಯಿತು ಹೇಳಿ? ಕಾಂಡೋದ ಆಸ್ಥಾನ ವಿದ್ವಾಂಸರಾದ ರಘು ಅವರಿಗೆ. ಬೇರೆಯವರ ಸಾಫ್ಟ್‌ವೇರ್ ನಿಧಾನವಾಗಿದ್ದರೆ ಅದನ್ನು ಓಡುವ ಹಾಗೆ ಮಾಡುವುದು ಇವರ ಉದ್ಯೋಗ. ಅದಕ್ಕೆ ಸಂಬಳ ಬೇರೆ ಕೊಡುತ್ತಾರೆ. ಕಾಯುವುದು ಎಂದರೆ ಇವರಿಗೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಅನ್ನದ ಕುಕ್ಕರಿಗೂ "ಇನ್ನೂ ಆಗಿಲ್ವಾ?" ಎಂದು ಕೇಳುವ ಜೀವ.

ರೋಸ್ ಲವಿನಾಳ ಹಾಲಿನಲ್ಲಿ ನಡೆಯಿತು. ಆಗಿನ ನಿಯಮದ ಪ್ರಕಾರ ಸೇರಬಹುದಾದಷ್ಟೇ ಜನ. ಶರಲ್ ಸ್ಟೂಲಿನ ಮೇಲೆ, ಎದುರಿಗೆ ನಮ್ಮ ಲ್ಯಾಪ್‌ಟಾಪ್, ಅದರೊಳಗೆ ಮಂಗಳೂರಿನ ಮನೆಯ ಚಾವಡಿ ಮತ್ತು ಅವರಮ್ಮ. ಅಮ್ಮ ಅಲ್ಲಿ ನಿಜವಾಗಿಯೇ ಬೋಗುಣಿಯಲ್ಲಿ ತೆಂಗಿನ ಹಾಲು ಹಿಂಡಿ ಇಟ್ಟುಕೊಂಡಿದ್ದರು. ಯಾಕೆ ಎಂದು ನಮಗೆ ಹೊಳೆಯುವ ಮೊದಲೇ ಬೆರಳು ಅದ್ದಿ, ತಮ್ಮ ಟ್ಯಾಬ್ಲೆಟ್ಟಿನ ಪರದೆಯಲ್ಲಿ ಮಗಳ ತಲೆ ಎಲ್ಲಿ ಕಾಣುತ್ತಿತ್ತೋ ಅಲ್ಲಿಗೆ ಹಚ್ಚಿದರು!

ಒದ್ದೆ ಬೆರಳು ಜಾರಿ ಮ್ಯೂಟ್ ಒತ್ತಿತು. ಅವರು ಕಣ್ಣು ಮುಚ್ಚಿಕೊಂಡು ಒಂದು ಇಡೀ ಹಾಡನ್ನು ಭಕ್ತಿಯಿಂದ ಹೇಳಿದರು. ಇಲ್ಲಿ ನಾವೆಲ್ಲ "ಮ್ಯೂಟ್! ಮಮ್ಮಿ, ಮ್ಯೂಟ್!" ಎಂದು ಕೈಬಾಯಿ ಆಡಿಸುತ್ತಿದ್ದೆವು. ಹಾಡು ಮುಗಿಸಿ ಕಣ್ಣು ಬಿಟ್ಟಾಗ ನಾವೆಲ್ಲ ಕುಣಿಯುವುದು ಕಂಡು ಅವರಿಗೆ ತುಂಬಾ ಸಂತೋಷವಾಯಿತು. ನಗುತ್ತಾ ಅಳುತ್ತಾ ಮತ್ತೆ ಮೊದಲಿನಿಂದ ಹಾಡಿಸಿದೆವು. ನನಗೆ ಕೊಂಕಣಿ ಬರುವುದಿಲ್ಲ. ಆದರೂ ಕೊನೆಯ ಸಾಲಿನವರೆಗೆ ಅಲ್ಲಾಡದೆ ಕೇಳಿದೆ. ಪಕ್ಕದಲ್ಲಿ ನಮ್ಮ ಮಗಳು ಅನ್ವಿ ಕೂಡ ಫೋನ್ ಕೆಳಗಿಟ್ಟಿದ್ದಳು. ಹದಿಮೂರರ ಹುಡುಗಿ ಫೋನ್ ಕೆಳಗಿಡುವುದು ಎಂದರೆ ನಿಮಗೆ ಅರ್ಥವಾಗುತ್ತದೆ.

ರೆಕಾರ್ಡಿಂಗ್ ಚೆನ್ನಾಗಿ ಬಂತು. ಮರುದಿನ ಮದುವೆಯೂ ಆಯಿತು. ಇಲ್ಲಿಯವರೆಗೆ ಎಲ್ಲ ಸುಖಾಂತ್ಯ.

ಈಗ ನಮ್ಮ ಮನೆಯ ಡಿಸ್ಕಿನ ಕಥೆಗೆ ಬರೋಣ. ಲಾಕ್‌ಡೌನ್ ಶುರುವಾದಾಗ ಅನ್ವಿಯ ಆನ್‌ಲೈನ್ ಕ್ಲಾಸಿನ ವಿಡಿಯೋಗಳಿಂದ ಲ್ಯಾಪ್‌ಟಾಪ್ ಹೊಟ್ಟೆ ಉಬ್ಬಿತು. ಅದಕ್ಕೆಂದು ರಘು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದರು. ಇಟ್ಟಿಗೆ ಗಾತ್ರದ್ದು, ಅದಕ್ಕೇ ಬೇರೆ ವೈರು, ಬೇರೆ ಅಡಾಪ್ಟರು. ಏನು ಹಾಕಿದರೂ ಅದು ನಿಧಾನಕ್ಕೆ ಬರೆದುಕೊಳ್ಳುತ್ತಿತ್ತು. ಬರೆದ ಮೇಲೆಯೇ "ಬರೆದೆ" ಎನ್ನುತ್ತಿತ್ತು. ಎಂಥಾ ಅಪರಾಧ! ಸ್ಪೀಡ್ ಮಾಸ್ಟರ್ ಮನೆಯಲ್ಲಿ ಇಂಥ ಸಾಧು ಪ್ರಾಣಿ ಬಾಳುವುದುಂಟೇ?

ಒಂದು ದಿನ ರಘು ಸೆಟ್ಟಿಂಗ್ಸಿನೊಳಗೆ ಹೋಗಿ ಏನೋ ಒತ್ತಿದರು. ಡಿಸ್ಕಿಗೆ ಚಿರತೆ ಕಾಲು ಬಂತು.

"ಏನ್ರೀ ಮಾಡಿದ್ರಿ?"

"ರೈಟ್ ಕ್ಯಾಶಿಂಗ್ ಆನ್ ಮಾಡಿದೆ."

"ಕನ್ನಡದಲ್ಲಿ ಹೇಳಿ."

"ನಮ್ಮ ಮಾಮಕ್ ಹೋಟೆಲ್ ಸಪ್ಲೈಯರ್ ಅಣ್ಣ ಇದಾನಲ್ಲ, ನಾಲ್ಕು ಟೇಬಲ್ ಆರ್ಡರ್ ತಲೇಲಿ ಇಟ್ಕೊಂಡು, ಎಲ್ಲರಿಗೂ 'ಓಕೆ ಬಾಸ್, ಓಕೆ ಬಾಸ್' ಅಂದು, ಆಮೇಲೆ ಒಟ್ಟಿಗೆ ಅಡುಗೆಮನೆಗೆ ಹೋಗಿ ಕೂಗ್ತಾನಲ್ಲ? ಹಾಗೆ. ಒಂದೊಂದು ರೋಟಿಗೂ ಒಂದೊಂದು ಸಲ ಒಳಗೆ ಓಡಿದರೆ ಎಷ್ಟು ಲೇಟು! ಈಗ ಕಂಪ್ಯೂಟರ್ ಎಲ್ಲಾನೂ ಮೊದಲು ತಲೇಲಿ ಇಟ್ಕೊಂಡು ನಮಗೆ ಓಕೆ ಅಂದುಬಿಡತ್ತೆ. ಡಿಸ್ಕಿಗೆ ಪುರುಸೊತ್ತು ಸಿಕ್ಕಾಗ ಬರೆಯತ್ತೆ."

"ಆ ಅಣ್ಣ ಅಡುಗೆಮನೆಗೆ ಹೋಗೋ ದಾರೀಲಿ ಜಾರಿ ಬಿದ್ರೆ?"

"ಯಾಕೆ ಬೀಳ್ತಾನೆ? ರಿಲ್ಯಾಕ್ಸ್ ಲಾ!" (ಮಲೇಷ್ಯಾಕ್ಕೆ ಬಂದು ಇವರು ಕಲಿತದ್ದು ಈ ಒಂದು ಅಕ್ಷರ.)

ಆ ಸೆಟ್ಟಿಂಗಿನ ಕೆಳಗೇ ಇನ್ನೊಂದು ಚೌಕವಿತ್ತು. ಅದನ್ನೂ ಟಿಕ್ ಮಾಡಿದರೆ ಇನ್ನೂ ಜೋರು. ಜೊತೆಗೇ ಒಂದು ಎಚ್ಚರಿಕೆ. ಕರೆಂಟ್ ಹೋದರೂ ಡಿಸ್ಕಿಗೆ ಜೀವ ಇರುವ ಬೇರೆ ವ್ಯವಸ್ಥೆ ನಿಮ್ಮಲ್ಲಿ ಇಲ್ಲದಿದ್ದರೆ ಇದನ್ನು ಮುಟ್ಟಬೇಡಿ, ಇದ್ದದ್ದೂ ಹೋದೀತು ಎಂದು. ನಾನೇ ಓದಿದೆ, ನಾನೇ ತೋರಿಸಿದೆ.

"ಕಾಂಡೋಗೆ ಜನರೇಟರ್ ಇದೆಯಲ್ಲ!" ಎಂದು ಟಿಕ್ ಮಾಡಿಯೇ ಬಿಟ್ಟರು.

ಇದೆ. ಇಲ್ಲ ಎಂದವರು ಯಾರು? ಕರೆಂಟ್ ಹೋದರೆ ಆ ಜನರೇಟರಿನಿಂದ ಲಿಫ್ಟ್ ನಡೆಯುತ್ತದೆ, ಗೇಟ್ ತೆರೆಯುತ್ತದೆ, ಲಾಬಿಯ ಕಾರಂಜಿಯಲ್ಲಿ ಮೀನುಗಳಿಗೆ ನೀರು ಚಿಮ್ಮುತ್ತದೆ. ಮನೆಯೊಳಗಿನ ಮನುಷ್ಯರು ಮೇಣದಬತ್ತಿ ಹುಡುಕುತ್ತಾರೆ.

ಮದುವೆ ಮುಗಿದ ಮೇಲಿನ ಸೋಮವಾರ ಮಧ್ಯಾಹ್ನ. ಲ್ಯಾಪ್‌ಟಾಪ್ ಮತ್ತೆ ತುಂಬಿದೆ, ಜಾಗ ಇಲ್ಲ ಎಂದು ಅನ್ವಿ ಕೂಗಿದಳು. "ಅಪ್ಪಾ, ಇಟ್ಸ್ ಲ್ಯಾಗಿಂಗ್ ಅಗೇನ್!" ರಘು ಎರಡು ಮೀಟಿಂಗಿನ ನಡುವೆ ಬಂದು, ದೊಡ್ಡ ಫೈಲ್ ಯಾವುದು ಎಂದು ನೋಡಿ, ರೋಸಿನ ರೆಕಾರ್ಡಿಂಗನ್ನು ಡಿಸ್ಕಿಗೆ ಸಾಗಿಸಿದರು. ಕಾಪಿ ಅಲ್ಲ. ಇಲ್ಲಿಂದ ಎತ್ತಿ ಅಲ್ಲಿಗೆ ಹಾಕುವುದು. ಅಂದರೆ ಅಲ್ಲಿ ಬರೆದಾಯಿತು ಎಂದ ಕೂಡಲೇ ಇಲ್ಲಿಯದು ಅಳಿಸಿಹೋಗುತ್ತದೆ. ಪರದೆಯ ಮೇಲೆ ಹಸಿರು ಪಟ್ಟಿ ಸರ್ರನೆ ಓಡಿತು. ನೂರು ಪರ್ಸೆಂಟ್. ಪಟ್ಟಿ ಮಾಯ.

"ನೋಡಿದ್ಯಾ ಸ್ಪೀಡು?" ಎಂದು ಎದೆ ಉಬ್ಬಿಸಿ ಮೀಟಿಂಗಿಗೆ ಹೋದರು.

ಆಗಲೇ ಗುಡುಗಿತು.

ಸುಬಾಂಗಿನ ಮಧ್ಯಾಹ್ನದ ಗುಡುಗು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೋಡ ಕವಿಯಿತು ಎನ್ನುವುದರೊಳಗೆ ಸಿಡಿಲು ತಲೆಯ ಮೇಲೇ ಇರುತ್ತದೆ. ಹೋದ ವರ್ಷ ಒಂದು ಸಿಡಿಲಿಗೆ ನಮ್ಮ ಮೋಡೆಮ್ ಕರಕಲಾಯಿತು, ಟಿವಿ ಅರ್ಧ ಮುಖ ಕಪ್ಪು ಮಾಡಿಕೊಂಡಿತು. ಅಂದಿನಿಂದ ಈ ಮನೆಯಲ್ಲಿ ಒಂದು ಕಾನೂನು ಇದೆ. ಗುಡುಗು ಕೇಳಿದರೆ ಪ್ಲಗ್ ಕೀಳು. ಇಲ್ಲಿ ಎಲ್ಲ ಮನೆಯಲ್ಲೂ ಇದೇ ಕಾನೂನು. ನಾನು ಅದರ ಪೊಲೀಸು.

ಟಿವಿ ಕಿತ್ತೆ. ಮೋಡೆಮ್ ಕಿತ್ತೆ. (ರಘು ಮೀಟಿಂಗಿಗೆ ಫೋನಿನ ಡೇಟಾ ಇದೆ.) ಡಿಸ್ಕಿನ ಹತ್ತಿರ ಬಂದೆ. ಸುಮ್ಮನೆ ಕೀಳಲಿಲ್ಲ, ದಯವಿಟ್ಟು ಗಮನಿಸಿ. ಪರದೆ ನೋಡಿದೆ. ಪಟ್ಟಿ ಇಲ್ಲ, ಕೆಲಸ ಮುಗಿದಿದೆ. ಡಿಸ್ಕಿನ ಮೇಲೆ ಒಂದು ನೀಲಿ ದೀಪ ಮಿಣುಕುತ್ತಿತ್ತು. ಮಿಣುಕುವುದು ದೀಪದ ಧರ್ಮ, ಅದರಲ್ಲೇನು ವಿಶೇಷ? ಸುರಕ್ಷತೆಗೆಂದು ಪ್ಲಗ್ ಕಿತ್ತೆ.

ಸ್ವಲ್ಪ ಹೊತ್ತಿಗೆ ಅನ್ವಿ ಬ್ಯಾಟರಿಯಲ್ಲೇ ಆಟ ಆಡುತ್ತಾ ಹೇಳಿದಳು. "ಅಮ್ಮಾ, ದೇರ್ ವಾಸ್ ಸಮ್ ಪಾಪ್-ಅಪ್. ಐ ಕ್ಲೋಸ್ಡ್ ಇಟ್."

"ಏನು ಬರೆದಿತ್ತೇ?"

"ಸಮ್‌ಥಿಂಗ್ ಫೇಲ್ಡ್. ಇಟ್ ವಾಸ್ ಬ್ಲಾಕಿಂಗ್ ಮೈ ಗೇಮ್."

ಮಾಮಕ್ ಅಣ್ಣ ಜಾರಿ ಬಿದ್ದು ಕೂಗಿದ್ದ. ಕೂಗು ಆಟಕ್ಕೆ ಅಡ್ಡ ಬಂತೆಂದು ನನ್ನ ಮಗಳು ಅವನ ಬಾಯಿ ಮುಚ್ಚಿದ್ದಳು.

ಮರುದಿನ ಲವಿನಾ ಮದುವೆ ಕೇಕು ಮತ್ತು ಒಂದು ಪೆನ್ ಡ್ರೈವ್ ಹಿಡಿದು ಬಂದಳು. ಮಾಸ್ಕಿನ ಮೇಲೂ ನಗು ಕಾಣುತ್ತಿತ್ತು. ರಘು ಒಂದು ಕೈಯಲ್ಲಿ ಕೇಕ್ ತಿನ್ನುತ್ತಾ ಇನ್ನೊಂದು ಕೈಯಲ್ಲಿ ಫೈಲ್ ತೆರೆದರು. ಆಮೇಲೆ ನಡೆದದ್ದು ನಿಮಗೆ ಮೊದಲೇ ಹೇಳಿದ್ದೇನೆ. ಸೊನ್ನೆ, ಸೊನ್ನೆ, ಸೊನ್ನೆ.

"ಲ್ಯಾಪ್‌ಟಾಪಲ್ಲಿ ಹಳೇದು ಇರತ್ತಲ್ರೀ? ಅಳಿಸಿದ್ದನ್ನ ವಾಪಸ್ ತೆಗೀಬಹುದು ಅಂತಾರಲ್ಲ?" ಎಂದೆ.

"ಅದು ಎಸ್‌ಎಸ್‌ಡಿ ಕಣೇ. ಅಳಿಸೋದೂ ಫಾಸ್ಟು" ಎಂದರು. ದನಿಯಲ್ಲಿ ಒಂದು ಚೂರು ಹೆಮ್ಮೆ ಇನ್ನೂ ಉಳಿದಿತ್ತು!

ಆಮೇಲೆ ವಿಚಾರಣೆ. ಪ್ಲಗ್ ಕಿತ್ತದ್ದು ನೀನು ಎಂದರು. ಮುಗಿಯಿತು ಎಂದು ಹೇಳಿದ್ದು ನಿಮ್ಮ ಕಂಪ್ಯೂಟರು ಎಂದೆ. ಮುಗಿದ ಮೇಲೂ ಎಜೆಕ್ಟ್ ಮಾಡಬೇಕು ಎಂದರು. ಮುಗಿದ ಮೇಲೂ ಇನ್ನೇನೋ ಮಾಡಬೇಕಾದರೆ ಅದಕ್ಕೆ ಮುಗಿಯಿತು ಎನ್ನುತ್ತಾರಾ ಎಂದೆ. ಅವರು ಸಮಯ ಉಳಿಸಲು ಹೋದರು, ನಾನು ಸಾಮಾನು ಉಳಿಸಲು ಹೋದೆ. ಗಂಡನ ವೇಗ, ಹೆಂಡತಿಯ ಎಚ್ಚರ, ಎರಡೂ ಸೇರಿ ಪರರ ಮನೆಯ ಹಾಡು ನುಂಗಿದವು. ಬೇರೆ ಬೇರೆಯಾಗಿ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಲವಿನಾಳಿಗೆ ಮೊದಲು ಅರ್ಥವಾಗಲಿಲ್ಲ. "ಎಂತ ಮಾರಾಯ್ರೆ ನೀವು ಹೇಳುದು? ಫೈಲ್ ಉಂಟು ಅಂತೀರಿ, ಒಳಗೆ ಎಂತ ಇಲ್ಲ ಅಂತೀರಿ. ಸಿಸ್ಟಮ್ ಸೇಫ್ ಉಂಟು ಅಂತೀರಿ. ಉಪ್ಪಿನಕಾಯಿ ಹಾಕ್ಲಿಕ್ಕಾ ನಿಮ್ಮ ಸಿಸ್ಟಮ್?"

ರಘು ತಡವರಿಸುತ್ತಾ, "ಇನ್ನೊಂದ್ಸಲ ಮಾಡೋಕಾಗಲ್ವಾ? ಅಮ್ಮನ ಹತ್ರ ಹಾಡಿಸಿ…" ಎಂದರು.

"ಮದುವೆ ಆದವಳಿಗೆ ರೋಸ್ ಮಾಡುದಾ? ನಾಳೆ ಅವಳಿಗೆ ನಾಮಕರಣವೂ ಮಾಡುವ!"

ಬಯ್ಯಲಿ ಎಂದೇ ನಾನು ಕಾಯುತ್ತಿದ್ದೆ. ಬಯ್ದರೆ ಹಗುರವಾಗುತ್ತಿತ್ತು. ಅವಳು ಬಯ್ಯಲಿಲ್ಲ. ಕುರ್ಚಿಯಲ್ಲಿ ಕೂತು ಪೆನ್ ಡ್ರೈವಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಪಪ್ಪನಿಗೆ ಎಂತ ಹೇಳುದು ಸುಮಾ?" ಎಂದಳು. ನನಗೆ ಇಷ್ಟು ನಾಚಿಕೆಯಾದದ್ದು ಇತ್ತೀಚೆಗೆ ನೆನಪಿಲ್ಲ.

ಮುಂದಿನ ಕೆಲವು ದಿನ ರಘು ಪಶ್ಚಾತ್ತಾಪದಿಂದ ರಿಕವರಿ ಸಾಫ್ಟ್‌ವೇರ್‌ಗಳನ್ನು ಒಂದರ ಮೇಲೊಂದು ಓಡಿಸಿದರು. ಬಹಳ ಒಳ್ಳೆಯ ಸಾಫ್ಟ್‌ವೇರ್‌ಗಳು. ನಾವು ಬೇಕೆಂದೇ ಅಳಿಸಿದ್ದು ಎಲ್ಲವೂ ಆ ಡಿಸ್ಕಿನಿಂದ ಎದ್ದು ಬಂತು. ಯಾರದೋ ಪಿಪಿಟಿ, ಮುಸುಕಾದ ಫೋಟೋಗಳು, ಅಡುಗೆಮನೆಯ ನಲ್ಲಿ ಸೋರುವ ವಿಡಿಯೋ. ರೋಸ್ ಒಂದು ಬರಲಿಲ್ಲ. ಬರೆದೇ ಇಲ್ಲದ್ದು ಎಲ್ಲಿಂದ ಬರಬೇಕು?

ಆದರೂ ವಾದ ಬಿಡುವ ಜನ್ಮವೇ ಅದು? "ನೋಡು, ಪ್ರತಿಯೊಂದಕ್ಕೂ ಕೊನೇ ತನಕ ಕಾಯ್ತಾ ಕೂತರೆ ಪ್ರಪಂಚನೇ ನಿಂತುಹೋಗತ್ತೆ. ಎಲ್ಲಾ ಕಡೆ ಇದೇ ನಡೆಯೋದು. ಸ್ವಲ್ಪ ಸೇಫ್ಟಿ ಬಿಟ್ಟರೇನೇ ಸ್ಪೀಡ್ ಸಿಗೋದು."

"ಬ್ಯಾಂಕಿನಲ್ಲೂ ಹೀಗೇನಾ?"

"ಛೆ ಛೆ. ದುಡ್ಡಿನ ವಿಷಯದಲ್ಲಿ ಹಾಗೆ ಮಾಡಲ್ಲ. ಅಲ್ಲಿ ನಿಜವಾಗಿ ಬರೆದ ಮೇಲೇನೇ ಬರೆದೆ ಅನ್ನೋದು."

ತಿಳಿಯಿತಲ್ಲ? ದುಡ್ಡಾದರೆ ಕಾಯುತ್ತಾರೆ. ಅಮ್ಮನ ಹಾಡಾದರೆ ಓಡುತ್ತಾರೆ.

ಆದರೆ ಇವರೊಬ್ಬರನ್ನೇ ಬಯ್ದು ಏನು ಫಲ? ಈ ಕೊರೋನಾ ಕಾಲದಲ್ಲಿ ಇಡೀ ಜಗತ್ತು ಆ ಚೌಕಕ್ಕೆ ಟಿಕ್ ಹಾಕಿಕೊಂಡೇ ಓಡುತ್ತಿಲ್ಲವೇ? ತಪಾವ್, ಅಂದರೆ ಪಾರ್ಸೆಲ್ ಊಟ, ಹೇಳಿದರೆ ಆಪಿನಲ್ಲಿ "ಡೆಲಿವರ್ಡ್" ಎಂದು ಬರುತ್ತದೆ, ನಮ್ಮ ಊಟದ ಪೊಟ್ಟಣ ಇನ್ನೂ ಗಾರ್ಡ್ ರೂಮಿನಲ್ಲಿ ಆರುತ್ತಿರುತ್ತದೆ. ಹೋಮ್‌ವರ್ಕ್ "ಸಬ್ಮಿಟೆಡ್" ಎನ್ನುತ್ತಾಳೆ ಮಗಳು, ಸಂಜೆ ಟೀಚರ್ ಫೋನ್ ಮಾಡುತ್ತಾರೆ. "ಈ ಲಿಫ್ಟನ್ನು ಸ್ಯಾನಿಟೈಸ್ ಮಾಡಲಾಗಿದೆ" ಎಂದು ಕಾಂಡೋದವರು ಚೀಟಿ ಅಂಟಿಸುತ್ತಾರೆ, ಚೀಟಿಯ ಮೇಲೆಯೇ ಬೆರಳಿನ ಗುರುತು. ನಾನೇನು ಕಡಿಮೆ? ಸಂಪಾದಕರು ಫೋನ್ ಮಾಡಿದಾಗ "ಅಂಕಣ ಆಗಿಹೋಗಿದೆ ಸಾರ್, ಕಳಿಸೋದೊಂದೇ ಬಾಕಿ" ಎನ್ನುತ್ತೇನೆ. ಆಮೇಲೆ ಕೂತು ಮೊದಲ ವಾಕ್ಯ ಹುಡುಕುತ್ತೇನೆ. (ಸಂಪಾದಕರು ಈ ಸಾಲನ್ನು ಕತ್ತರಿಸದಿರಲಿ.)

ಇಷ್ಟು ಹೇಳಿ ಪಾಠ ಮುಗಿಸಬಹುದಿತ್ತು. ಸತ್ಯವೇ ದೊಡ್ಡದು, ನಿಧಾನವೇ ಪ್ರಧಾನ ಎಂದು ಗೋಡೆಗೆ ತೂಗುಹಾಕುವಂಥ ಮಾತು ನನ್ನ ಹತ್ತಿರವೂ ಇದೆ. ಆದರೆ ಲವಿನಾ ಅದಕ್ಕೆ ಅವಕಾಶ ಕೊಡಲಿಲ್ಲ.

ಫೈಲ್ ಹೋದದ್ದು ಗೊತ್ತಾದ ದಿನವೇ ಸಂಜೆ ಆಸ್ಪತ್ರೆಯಿಂದ ಕರೆ ಬಂದಾಗ ಅವಳು ನಮ್ಮ ಮನೆಯಲ್ಲೇ ಇದ್ದಳು. ನರ್ಸ್ ಫೋನ್ ಹಿಡಿದಿದ್ದರು. ಮುಖದ ಮೇಲೆ ಮಾಸ್ಕು, ಅದರ ಹಿಂದೆ ಅಪ್ಪ. ಮಾತು ಅರ್ಧ ಗಾಳಿ. ಕೊಂಕಣಿಯಲ್ಲಿ ಏನೋ ಕೇಳಿದರು. ಅದರಲ್ಲಿ "ರೋಸ್" ಒಂದು ನನಗೂ ತಿಳಿಯಿತು.

ಲವಿನಾ ನನ್ನನ್ನು ನೋಡಿದಳು. ರಘುವನ್ನು ನೋಡಿದಳು. ಆಮೇಲೆ ಫೋನಿನ ಕಡೆ ತಿರುಗಿ ನಗುತ್ತಾ ಏನೋ ಹೇಳಿದಳು. ಫೋನ್ ಇಟ್ಟ ಮೇಲೆ ಏನು ಹೇಳಿದೆ ಎಂದು ಕೇಳಿದೆ.

"ರೆಕಾರ್ಡ್ ಆಗಿದೆ ಪಪ್ಪ, ಜಾಗ್ರತೆ ಇಟ್ಟಿದ್ದೇನೆ, ನೀವು ಬೇಗ ಮನೆಗೆ ಬನ್ನಿ ಅಂದೆ."

ಅವಳು ಲೆಕ್ಕದ ಹುಡುಗಿ. ಒಂದು ರಸೀದಿ ಹೊಂದದಿದ್ದರೆ ಊಟ ಬಿಡುವವಳು. ಅಂಥವಳು ದಿನಾ ಸಂಜೆ ಅದೇ ಸುಳ್ಳು ಹೇಳಿದಳು. ಅಮ್ಮನಿಗೂ ತಂಗಿಗೂ ಮೊದಲೇ ಹೇಳಿಟ್ಟಳು, ಪಪ್ಪನಿಗೆ ಯಾರೂ ಬಾಯಿ ಬಿಡಬಾರದು ಎಂದು. ಆಕ್ಸಿಜನ್ ಒಮ್ಮೆ ಇಳಿಯಿತು ಎನ್ನುತ್ತಿದ್ದರು, ಒಮ್ಮೆ ಏರಿತು ಎನ್ನುತ್ತಿದ್ದರು. ವಾರ್ಡಿನಲ್ಲಿ ಪಕ್ಕದ ಮಂಚ ಖಾಲಿಯಾಗಿ ಮತ್ತೆ ತುಂಬಿತು. ಅಪ್ಪ ದಿನಾ ಕೇಳುವುದು ಒಂದೇ ಪ್ರಶ್ನೆ. ಅವಳು ದಿನಾ ಕೊಡುವುದು ಒಂದೇ ಉತ್ತರ. ಆ ಹೊತ್ತಿಗೆ ನಾನು ಮನೆಯಲ್ಲಿ ಕೂತು ಅವರು ಬದುಕಿ ಬರಲಪ್ಪಾ ಎಂದು ಮನೆದೇವರಿಗೆ ಕೈ ಮುಗಿಯುತ್ತಿದ್ದೆ. ಬಂದರೆ ಈ ಸುಳ್ಳು ಬಯಲಾಗುತ್ತದಲ್ಲಪ್ಪಾ ಎಂದು ಹೆದರುತ್ತಲೂ ಇದ್ದೆ. ರಘು ಆ ಚೌಕದ ಟಿಕ್ಕನ್ನು ಯಾರೂ ಹೇಳದೆ ತೆಗೆದಿದ್ದರು.

ಅವರು ಬದುಕಿ ಬಂದರು. ನಿಧಾನವಾಗಿ, ಸ್ವಲ್ಪ ಸ್ವಲ್ಪವೇ. ಕೊನೆಗೆ ಒಂದು ಬೆಳಿಗ್ಗೆ ತಮ್ಮ ಚಾವಡಿಯ ಕುರ್ಚಿಯಲ್ಲಿ ಕೂತರು. ಅಂಗಿ ಯಾರದ್ದೋ ತೊಟ್ಟ ಹಾಗೆ ಜೋಲುತ್ತಿತ್ತು. ಇಡೀ ಜೀವಮಾನ ಬೇಕರಿ ನಡೆಸಿದ ಮನುಷ್ಯ, ಒಲೆಯ ಶಾಖಕ್ಕೆ ಕೆಂಪಾಗಿದ್ದ ಮುಖ ಈಗ ಬಿಳಿಚಿಕೊಂಡಿತ್ತು. ಲವಿನಾ ನಮ್ಮನ್ನೂ ಕೆಳಗೆ ಕರೆಸಿದಳು. ಶರಲ್ ಗಂಡನ ಜೊತೆ ಮಾಂಟ್ ಕಿಯಾರಾದಿಂದ ಅದೇ ಕರೆಗೆ ಸೇರಿಕೊಂಡಳು. ರಘು ಕೋರ್ಟಿಗೆ ಹಾಜರಾಗುವವರಂತೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು.

ಅಪ್ಪ ನಮ್ಮನ್ನು ಕಂಡು ಕೊಂಕಣಿ ಬಿಟ್ಟು ಕನ್ನಡಕ್ಕೆ ಬಂದರು. "ಹಾ, ಎಲ್ಲರೂ ಉಂಟಲ್ಲ. ಇನ್ನು ಹಾಕು ಮಗಾ, ನೋಡುವ."

ಮಂಗಳೂರಿನ ಕಡೆ ಒಂದು ಕಾಗೆ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಆಗ ರಘು ಮುಂದೆ ಬಂದು ಹೇಳಿದರು. "ಅಂಕಲ್, ಅದು ಹೋಯ್ತು. ನನ್ನಿಂದಲೇ ಹೋಯ್ತು. ಕಂಪ್ಯೂಟರ್ ಬೇಗ ಕೆಲಸ ಮಾಡಲಿ ಅಂತ ಹೋಗಿ…"

(ಮದುವೆಯಾಗಿ ಇಷ್ಟು ವರ್ಷಕ್ಕೆ ಇವರ ಬಾಯಲ್ಲಿ ಜನರೇಟರಿನಂಥ ನೆಪ ಬರದ ಮೊದಲ ತಪ್ಪೊಪ್ಪಿಗೆ. ನನಗೆ ಇವರ ಮೇಲೆ ತಟಕ್ಕನೆ ಪ್ರೀತಿ ಬಂತು. ಬರೆದುಬಿಡುತ್ತೇನೆ, ಅವರು ಓದಿ ಬೀಗಿದರೆ ಬೀಗಲಿ.)

ಅಪ್ಪ ಗಾಬರಿಯಾಗಲಿಲ್ಲ. ಪಕ್ಕದ ಲೋಟದಿಂದ ಒಂದು ಗುಟುಕು ಗಂಜಿತಿಳಿ ಕುಡಿದರು. "ನನಗೆ ಗೊತ್ತುಂಟು ಮಾರಾಯ್ರೆ" ಎಂದರು. "ಇವಳು ದಿನಾ ಉಂಟು ಉಂಟು ಅಂದಳು. ಇದ್ದಿದ್ರೆ ಒಂದು ಸಣ್ಣ ತುಂಡಾದ್ರೂ ಆ ಸಿಸ್ಟರ್ ಫೋನಿಗೆ ಕಳಿಸದೆ ಇರ್ತಿದ್ದಳಾ? ನನಗೆ ಎರಡನೇ ದಿನವೇ ಗೊತ್ತಾಯ್ತು, ಎಂತದ್ದೋ ಎಡವಟ್ಟು ಆಗಿದೆ ಅಂತ."

ಲವಿನಾ ಅಳಲು ಶುರುಮಾಡಿದಳು. ಅಳುತ್ತಲೇ ಸಿಟ್ಟೂ ಬಂತು. "ಗೊತ್ತಿದ್ದೂ ದಿನಾ ಎಂತಕ್ಕೆ ಕೇಳ್ತಿದ್ದದ್ದು ಪಪ್ಪ? ನಾನು ದಿನಾ ಸುಳ್ಳು ಹೇಳಿ ಹೇಳಿ ಸತ್ತೆ. ಸತ್ಯ ಹೇಳು ಅಂತ ಒಂದು ಮಾತು ಕೇಳ್ಬಹುದಿತ್ತಲ್ಲ?"

ಅವರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ನಾವೆಲ್ಲ ಕಾದೆವು.

"ಹಾಗೆ ಕೇಳಿದ್ರೆ ನೀನು ಹೇಳಿಬಿಡ್ತಿದ್ದಿ" ಎಂದರು. "ಮತ್ತೆ ಅಲ್ಲಿಂದ ಎದ್ದು ಮನೆಗೆ ಬರ್ಲಿಕ್ಕೆ ನನಗೆ ಎಂತ ಅರ್ಜೆಂಟ್ ಇರ್ತಿತ್ತು?"